ಹಳೆಯ ಕಾರಿನ ಡಿಕ್ಕಿ, ಪೆಟ್ರೋಲ್ ಮುಚ್ಚಳಗಳಿಗೆ ವಿದ್ಯುತ್ ಗುಂಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಲಿವರ್ ಎಳೆದು ತೆರೆಯುವ ಡಿಕ್ಕಿಯನ್ನೂ ಪೆಟ್ರೋಲ್ ಮುಚ್ಚಳವನ್ನೂ ಗುಂಡಿ ಒತ್ತಿದರೆ ತೆರೆಯುವಂತೆ ಮಾಡುವುದು ದೊಡ್ಡ ಕೆಲಸವಲ್ಲ. ಆದರೆ ಅವಸರದಲ್ಲಿ ಮಾಡಿದ ಕೆಲಸ ಹೇಗೆ ಕಾರಿನ ಒಡೆಯನನ್ನೇ ಹೊರಗೆ ನಿಲ್ಲಿಸುತ್ತದೆ ಎಂಬುದನ್ನು ಕಂಡಿದ್ದೇನೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಪೆಟ್ರೋಲ್ ಮುಚ್ಚಳ ಎಂದಾಗಲೆಲ್ಲ ಹೊರಮೈಯಲ್ಲಿ ಕಾಣುವ ತಗಡಿನ ಪುಟ್ಟ ಬಾಗಿಲು ಎಂದು ತಿಳಿಯಿರಿ. ಅದರ ಒಳಗೆ ತಿರುಗಿಸಿ ತೆಗೆಯುವ ಟ್ಯಾಂಕಿನ ಬಿರಡೆ ಬೇರೆ.

## ಕೈ ಹಾಕುವ ಮೊದಲು

ಲಿವರ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಆದರೂ ಬದಲಾಯಿಸಬೇಕೇ?

ಬೇಡ. ಸರಾಗವಾಗಿ ಎಳೆಯುವ ಕೇಬಲ್‌ಗಿಂತ ನಂಬಿಕಸ್ಥ ವ್ಯವಸ್ಥೆ ಇನ್ನೊಂದಿಲ್ಲ. ಚಾಲಕನ ಸೀಟಿನ ಪಕ್ಕಕ್ಕೆ ಬಗ್ಗಲಾಗದ ವಯಸ್ಸಾದವರು ಮನೆಯಲ್ಲಿದ್ದರೆ, ಲಿವರ್ ಇರುವ ಜಾಗಕ್ಕೆ ಬೇರೆ ಸೀಟು ಅಡ್ಡ ಬರುತ್ತಿದ್ದರೆ, ಕೀಲಿಕೈಯ ರಿಮೋಟ್‌ನಿಂದಲೇ ಡಿಕ್ಕಿ ತೆರೆಯಬೇಕೆನಿಸಿದರೆ ಬದಲಾಯಿಸುವುದಕ್ಕೆ ಅರ್ಥವಿದೆ. ಹಾಗೆ ಬದಲಾಯಿಸಿದಾಗಲೂ ಹಳೆಯ ಕೇಬಲ್ಲನ್ನು ಕಿತ್ತು ಎಸೆಯಬೇಡಿ. ಈ ಪುಟದಲ್ಲಿ ಒಂದೇ ಒಂದು ಸಲಹೆಯನ್ನು ಪಾಲಿಸುವುದಾದರೆ ಅದನ್ನು ಪಾಲಿಸಿ.

ಕೇಬಲ್ ತುಂಡಾಗಿದೆ ಸರ್. ಹೊಸ ಕೇಬಲ್ ಹಾಕಲೇ, ಅಥವಾ ಇದೇ ನೆಪದಲ್ಲಿ ಸೊಲೆನಾಯ್ಡ್ ಹಾಕಲೇ?

ಕೇಬಲ್ ಏಕೆ ತುಂಡಾಯಿತು ಎಂದು ಮೊದಲು ನೋಡಿ. ಹೊರಗಿನ ಕವಚದೊಳಗೆ ನೀರು ಸೇರಿ ತುಕ್ಕು ಹಿಡಿದು ತುಂಡಾಗಿದ್ದರೆ ದೋಷ ಕೇಬಲ್‌ನದು. ಅದಕ್ಕಿಂತ ಹೆಚ್ಚಾಗಿ ನಾನು ಕಂಡಿರುವುದು ಬೇರೆ: ಡಿಕ್ಕಿಯ ಲಾಚ್ (ಮುಚ್ಚಿದ ಡಿಕ್ಕಿಯನ್ನು ಹಿಡಿದಿಡುವ ಕೊಕ್ಕೆಯ ಚಿಲಕ) ಒಣಗಿ ಬಿಗಿಯಾಗಿರುತ್ತದೆ, ಒಡೆಯರು ವರ್ಷಗಟ್ಟಲೆ ಬಲವಾಗಿ ಎಳೆದು ಎಳೆದು ಕೇಬಲ್ಲಿನ ಎಳೆಗಳನ್ನು ಒಂದೊಂದಾಗಿ ಕಡಿದಿರುತ್ತಾರೆ. ಅಂಥ ಲಾಚ್‌ಗೆ ಸೊಲೆನಾಯ್ಡ್ ಜೋಡಿಸಿದರೆ ಅದು ಸೋಲುತ್ತದೆ. ಕೈಗೆ ಇರುವಂತೆ ಇನ್ನಷ್ಟು ಜೋರಾಗಿ ಎಳೆಯುವ ಶಕ್ತಿ ಅದಕ್ಕಿಲ್ಲ. ಲಾಚ್ ಬಿಚ್ಚಿ, ಹಳೆಯ ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಒಂದೇ ಬೆರಳಿನಿಂದ ನೂಕಿದರೆ ಕೊಕ್ಕೆ ಬಿಡಬೇಕು. ಆಮೇಲೆ ಹೊಸ ಕೇಬಲ್, ಅದರ ಜೊತೆಗೆ ಬೇಕಿದ್ದರೆ ಸೊಲೆನಾಯ್ಡ್.

ಸೊಲೆನಾಯ್ಡ್ ಅಂದರೆ ಮೋಟಾರೇ?

ಅಲ್ಲ. ಅದು ತಾಮ್ರದ ತಂತಿಯ ಸುರುಳಿ; ನಡುವಿನ ಟೊಳ್ಳಿನಲ್ಲಿ ಕಬ್ಬಿಣದ ಸಲಾಕೆಯೊಂದು ಜಾರುತ್ತದೆ. ವಿದ್ಯುತ್ ಹರಿದಾಗ ಸುರುಳಿ ಅಯಸ್ಕಾಂತವಾಗಿ ಸಲಾಕೆಯನ್ನು ಪಟ್ಟನೆ ಒಳಕ್ಕೆ ಎಳೆದುಕೊಳ್ಳುತ್ತದೆ. ವಿದ್ಯುತ್ ನಿಂತೊಡನೆ ಸ್ಪ್ರಿಂಗ್ ಅದನ್ನು ಹೊರಕ್ಕೆ ತಳ್ಳುತ್ತದೆ. ತಿರುಗುವ ಭಾಗವಿಲ್ಲ, ಗೇರ್ ಇಲ್ಲ.

ಎಲ್ಲ ವಿದ್ಯುತ್ತಿನಲ್ಲೇ ಇಟ್ಟರೆ, ಬ್ಯಾಟರಿ ಖಾಲಿಯಾದ ದಿನ ಏನು ಗತಿ?

ಕೆಲಸ ಶುರುವಾಗುವುದೇ ಈ ಪ್ರಶ್ನೆಯಿಂದ. ಉತ್ತರ ಕಾಗದದ ಮೇಲೆ ಬರೆದಿಟ್ಟ ನಂತರವೇ ಡ್ರಿಲ್ ಮುಟ್ಟಬೇಕು.

ನನ್ನ ಕಾರೊಂದರಲ್ಲಿ ಬ್ಯಾಟರಿ ಇದ್ದದ್ದೇ ಡಿಕ್ಕಿಯೊಳಗೆ. ಹಿಂದಿನ ಒಡೆಯರು ಅಂದ ಹೆಚ್ಚಲೆಂದು ಡಿಕ್ಕಿಯ ಕೀಲಿರಂಧ್ರವನ್ನು ತಗಡು ಬೆಸೆದು ಮುಚ್ಚಿಸಿದ್ದರು, ಕೇಬಲ್ಲನ್ನೂ ತೆಗೆಸಿದ್ದರು. ಒಂದು ರಾತ್ರಿ ಒಳದೀಪ ಉರಿಯುತ್ತಲೇ ಉಳಿಯಿತು. ಬೆಳಿಗ್ಗೆ ಡಿಕ್ಕಿ ತೆರೆಯಲು ಬ್ಯಾಟರಿ ಬೇಕು, ಬ್ಯಾಟರಿ ಮುಟ್ಟಲು ಡಿಕ್ಕಿ ತೆರೆಯಬೇಕು. ಕೊನೆಗೆ ಹಿಂದಿನ ಸೀಟಿನ ಬೆನ್ನನ್ನು ಬಿಚ್ಚಿ, ಅದರ ಹಿಂದಿನ ತಗಡಿನ ತೂತಿನಲ್ಲಿ ಉದ್ದದ ಕಬ್ಬಿಣದ ಕಡ್ಡಿ ತೂರಿಸಿ, ಟಾರ್ಚ್ ಬೆಳಕಿನಲ್ಲಿ ಲಾಚಿನ ನಾಲಿಗೆಯನ್ನು ತಡಕಾಡಿ ಎಳೆದದ್ದಾಯಿತು. ಮೂರು ಗಂಟೆ ಹಿಡಿಯಿತು.

ಹಾಗಾಗಿ ಡಿಕ್ಕಿಗೆ ಎರಡು ಯಾಂತ್ರಿಕ ದಾರಿಗಳಿರಲಿ: ಒಂದು ಕೀಲಿರಂಧ್ರ, ಇನ್ನೊಂದು ಹಳೆಯ ಕೇಬಲ್. ಕೇಬಲ್ ಉಳಿಸಲು ಸಾಧ್ಯವೇ ಇಲ್ಲದಿದ್ದರೆ ಲಾಚ್‌ನಿಂದ ಹಿಂದಿನ ಸೀಟಿನ ತನಕವಾದರೂ ಗಟ್ಟಿ ತಂತಿಯೊಂದನ್ನು ತಂದಿಡಿ. ಪೆಟ್ರೋಲ್ ಮುಚ್ಚಳಕ್ಕೆ ಡಿಕ್ಕಿಯ ಒಳಪಕ್ಕದ ಹೊದಿಕೆಯ ಹಿಂದೆ ಒಂದು ಗಟ್ಟಿ ದಾರ ಸಾಕು. ಅನೇಕ ಕಾರುಗಳಲ್ಲಿ ಕಾರ್ಖಾನೆಯವರೇ ಅಂಥ ದಾರ ಇಟ್ಟಿರುತ್ತಾರೆ. ಆಗ ಕೀಲಿಯಿಂದ ಡಿಕ್ಕಿ, ಡಿಕ್ಕಿಯಿಂದ ಪೆಟ್ರೋಲ್ ಮುಚ್ಚಳ ಎಂಬ ಸರಪಳಿ ವಿದ್ಯುತ್ತಿಲ್ಲದೆಯೂ ನಡೆಯುತ್ತದೆ. ಬ್ಯಾಟರಿ ಡಿಕ್ಕಿಯಲ್ಲಿದ್ದರೆ ಇನ್ನೊಂದು ಮಾತು: ಬಾನೆಟ್ ಅಡಿಯಲ್ಲಿ ಫ್ಯೂಸ್ ಸಹಿತ ಒಂದು ಧನ ತುದಿಯನ್ನು ತಂದು ಮುಚ್ಚಿಡಿ. ಹೊರಗಿನ ಬ್ಯಾಟರಿಯನ್ನು ಅಲ್ಲಿಗೆ ತಗುಲಿಸಿದರೆ ಸೊಲೆನಾಯ್ಡ್ ಓಡುವಷ್ಟು ವಿದ್ಯುತ್ ಸಿಗುತ್ತದೆ.

ನಾನೇ ಮಾಡಬಹುದೇ?

ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಅಳೆಯಲು, ಟರ್ಮಿನಲ್ ಒತ್ತಿ ಕೂರಿಸಲು ಬಂದರೆ ಎರಡು ರಜಾದಿನಗಳ ಕೆಲಸ. ಡಿಕ್ಕಿಯನ್ನು ಮೊದಲು ಮಾಡಿ. ಅಲ್ಲಿ ಜಾಗ ಧಾರಾಳ, ತಪ್ಪಾದರೆ ತಿದ್ದುವುದು ಸುಲಭ. ಪೆಟ್ರೋಲ್ ಮುಚ್ಚಳವನ್ನು ಕೈ ಪಳಗಿದ ಮೇಲೆ ಮುಟ್ಟಿ. ಎರಡಕ್ಕೂ ಮೊದಲು ಬ್ಯಾಟರಿಯ ಋಣ ತುದಿ ಕಳಚಿಡಿ.

## ಯಾವುದನ್ನು ಕೊಳ್ಳಬೇಕು

ಎಷ್ಟು ಕಿಲೋ ಎಳೆಯುವ ಸೊಲೆನಾಯ್ಡ್ ಬೇಕು? ಅಂಗಡಿಯಲ್ಲಿ ಕೇಳಿದರೆ "ಎಲ್ಲಕ್ಕೂ ಆಗುತ್ತದೆ" ಅನ್ನುತ್ತಾರೆ.

ಎಲ್ಲಕ್ಕೂ ಆಗುವ ಸೊಲೆನಾಯ್ಡ್ ಇಲ್ಲ. ನಿಮ್ಮ ಲಾಚನ್ನೇ ಅಳೆಯಿರಿ. ಪ್ರಯಾಣದ ಚೀಲ ತೂಗುವ ಕೊಕ್ಕೆಯ ತಕ್ಕಡಿಯೊಂದಿದ್ದರೆ ಸಾಕು. ಡಿಕ್ಕಿ ತೆರೆದಿರುವಾಗಲೇ ಸ್ಕ್ರೂಡ್ರೈವರ್‌ನಿಂದ ಲಾಚಿನ ಬಾಯಿಯನ್ನು ಮುಚ್ಚಿಸಿ, ಕೇಬಲ್ ಸಿಕ್ಕಿಸುವ ನಾಲಿಗೆಗೆ ತಕ್ಕಡಿಯ ಕೊಕ್ಕೆ ಹಾಕಿ, ಕೇಬಲ್ ಎಳೆಯುವ ದಿಕ್ಕಿನಲ್ಲೇ ನಿಧಾನವಾಗಿ ಎಳೆಯಿರಿ. ಅಂಕಿ ಏರುತ್ತಾ ಹೋಗಿ, ಲಾಚ್ ಟಕ್ಕನೆ ಬಿಟ್ಟ ಕ್ಷಣದಲ್ಲಿ ಕಂಡದ್ದನ್ನು ಬರೆದುಕೊಳ್ಳಿ. ನಾಲಿಗೆ ಎಷ್ಟು ಮಿಲಿಮೀಟರ್ ಸರಿಯಿತು ಎಂಬುದನ್ನೂ ಅಳತೆಪಟ್ಟಿಯಿಂದ ನೋಡಿ. ಐದಾರು ಸಲ ಎಳೆದು ಅತಿ ಹೆಚ್ಚು ಬಂದ ಅಂಕಿಯನ್ನು ಹಿಡಿಯಿರಿ. ಮುಚ್ಚಿದ ಡಿಕ್ಕಿಯಲ್ಲಿ ರಬ್ಬರ್ ಬೀಡಿಂಗ್ ಮೇಲಕ್ಕೆ ಒತ್ತುವುದರಿಂದ ಬೇಕಾಗುವ ಬಲ ಇನ್ನೂ ಹೆಚ್ಚು. ಆದ್ದರಿಂದ ಅಳೆದದ್ದರ ಎರಡರಷ್ಟು ಎಳೆಯುವ ಸೊಲೆನಾಯ್ಡ್ ಕೊಳ್ಳುವುದು ನನ್ನ ಪದ್ಧತಿ.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ಪೆಟ್ಟಿಗೆಯ ಮೇಲೆ ಬರೆದಿರುವ ಬಲ ಸಾಮಾನ್ಯವಾಗಿ ಸಲಾಕೆ ಪೂರ್ತಿ ಒಳಗಿರುವಾಗಿನದು. ಸಲಾಕೆ ಹೊರಗೆ ಚಾಚಿರುವಾಗ ನಡುವಿನ ಗಾಳಿಯ ಅಂತರ ಹೆಚ್ಚಿರುತ್ತದೆ, ಬಲ ತೀರಾ ಕುಸಿದಿರುತ್ತದೆ. ಲಾಚ್‌ಗೆ 10 ಮಿಲಿಮೀಟರ್ ಓಟ (ಸರಿಯುವ ದೂರ) ಸಾಕಾದರೆ 25 ಮಿಲಿಮೀಟರ್ ಓಟದ ಸೊಲೆನಾಯ್ಡನ್ನು ಪೂರ್ತಿ ಚಾಚಿ ಕಟ್ಟಬೇಡಿ. ಕೊನೆಯ 10–12 ಮಿಲಿಮೀಟರ್ ಮಾತ್ರ ಬಳಕೆಯಾಗುವಂತೆ ಕೂರಿಸಿ.

ಬಾಗಿಲಿನ ಸೆಂಟ್ರಲ್ ಲಾಕ್ ಮೋಟಾರನ್ನೇ ಡಿಕ್ಕಿಗೆ ಹಾಕಿದರೆ?

ಹಗುರವಾದ ಲಾಚ್‌ಗೆ ನಡೆಯುತ್ತದೆ. ಅದರಲ್ಲಿ ಗೇರ್ ಇರುವ ಪುಟ್ಟ ಮೋಟಾರಿದೆ, ಓಟ ಸುಮಾರು 20 ಮಿಲಿಮೀಟರ್, ಓಟದ ಉದ್ದಕ್ಕೂ ಬಲ ಒಂದೇ ಸಮ. ಆದರೆ ವಿದ್ಯುತ್ ನಿಂತಾಗ ತಾನಾಗಿ ಹಿಂದಕ್ಕೆ ಬರುವ ಸ್ಪ್ರಿಂಗ್ ಅದರಲ್ಲಿಲ್ಲ. ಲಾಚಿನ ಸ್ಪ್ರಿಂಗೇ ಗೇರುಗಳನ್ನು ಹಿಮ್ಮುಖವಾಗಿ ತಿರುಗಿಸಬೇಕು. ಸ್ಪ್ರಿಂಗ್ ದುರ್ಬಲವಾಗಿದ್ದರೆ ನಾಲಿಗೆ ಅರ್ಧದಲ್ಲೇ ನಿಂತು, ಡಿಕ್ಕಿ ಮುಚ್ಚಿದಂತೆ ಕಂಡರೂ ಹಿಡಿದಿರುವುದಿಲ್ಲ. ಓಡುತ್ತಿರುವಾಗ ಡಿಕ್ಕಿ ಎದ್ದುಬಿಡುವುದು ಹೀಗೆ. ಹಿಂದಕ್ಕೆ ಎಳೆಯಲು ಪ್ರತ್ಯೇಕ ಸ್ಪ್ರಿಂಗ್ ಕಟ್ಟದೆ ಅದನ್ನು ಬಳಸಬೇಡಿ. ಡಿಕ್ಕಿಗೆ ನನ್ನ ಮತ ಸೊಲೆನಾಯ್ಡ್‌ಗೇ.

ಗುಜರಿಯಲ್ಲಿ ಹೊಸ ಮಾದರಿಯ ಕಾರಿನ ವಿದ್ಯುತ್ ಲಾಚ್ ಸಿಕ್ಕಿತು. ಅದನ್ನೇ ಕೂರಿಸಬಹುದೇ?

ಅದೇ ಕಂಪನಿಯ, ಅದೇ ಸರಣಿಯ ಮೇಲ್ದರ್ಜೆಯ ಕಾರಿನದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೋಲ್ಟಿನ ತೂತುಗಳು ಕೂಡಿಬಂದರೆ ತಗಡು ಕೊರೆಯುವ ಪ್ರಮೇಯವೇ ಬರುವುದಿಲ್ಲ. ಕೊಳ್ಳುವ ಮೊದಲು ಬ್ಯಾಟರಿಗೆ ಕ್ಷಣಕಾಲ ತಗುಲಿಸಿ ನೋಡಿ, ಕನೆಕ್ಟರ್ ಜೊತೆಗೆ ಒಂದು ಗೇಣು ವೈರನ್ನೂ ಕತ್ತರಿಸಿ ತನ್ನಿ. ಕೀಲಿಯಿಂದ ತೆರೆಯುವ ಸರಳು ಸಿಕ್ಕಿಸಲು ಅದರಲ್ಲಿ ಜಾಗವಿದೆಯೇ ಎಂದೂ ನೋಡಿ. ಹಲವು ಹೊಸ ಲಾಚ್‌ಗಳಲ್ಲಿ ಆ ಜಾಗವೇ ಇಲ್ಲ.

ನನ್ನದು 6 ವೋಲ್ಟಿನ ಕಾರು. ಬ್ಯಾಟರಿಯ ಧನ ತುದಿ ಕಾರಿನ ಬಾಡಿಗೆ (ತಗಡಿನ ಮೈಗೆ) ಅರ್ಥ್ ಆಗಿದೆ. ಏನಾದರೂ ತೊಂದರೆಯೇ?

6 ವೋಲ್ಟಿನಲ್ಲಿ 12 ವೋಲ್ಟಿನ ಸೊಲೆನಾಯ್ಡ್ ಬಹುತೇಕ ಅಲುಗುವುದಿಲ್ಲ, ಏಕೆಂದರೆ ಅರ್ಧ ವೋಲ್ಟೇಜಿನಲ್ಲಿ ಬಲ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. 6 ವೋಲ್ಟಿನದನ್ನೇ ಹುಡುಕಿ, ಅದು ಎಳೆಯುವ ಹೆಚ್ಚಿನ ಕರೆಂಟಿಗೆ ತಕ್ಕ ದಪ್ಪ ವೈರ್ ಹಾಕಿ. ಧನ ತುದಿ ಅರ್ಥ್ ಆಗಿದ್ದರೆ ಸೊಲೆನಾಯ್ಡ್‌ಗೂ ರಿಲೇಗೂ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸಿ ಬಿಡುವ ಸ್ವಿಚ್) ತೊಂದರೆಯಿಲ್ಲ, ಸುರುಳಿಗೆ ದಿಕ್ಕಿನ ಹಂಗಿಲ್ಲ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮಾತ್ರ ತಿರುವುಮುರುವಾಗಬೇಕು. ರಿಮೋಟ್ ಪೆಟ್ಟಿಗೆಗಳು ಅಂಥ ಕಾರಿನಲ್ಲಿ ನೇರವಾಗಿ ಕೆಲಸ ಮಾಡುವುದಿಲ್ಲ.

## ವೈರಿಂಗ್

ಗುಂಡಿಯಿಂದ ನೇರವಾಗಿ ಸೊಲೆನಾಯ್ಡ್‌ಗೆ ವೈರ್ ಎಳೆದರೆ ಆಗದೇ? ರಿಲೇ ಏಕೆ?

ಸುರುಳಿಯ ಪ್ರತಿರೋಧ 1 ಓಮ್ ಇದ್ದರೆ 12 ವೋಲ್ಟಿನಲ್ಲಿ 12 ಆಂಪಿಯರ್ ಹರಿಯುತ್ತದೆ. ಡ್ಯಾಶ್‌ಬೋರ್ಡಿನ ಪುಟ್ಟ ಗುಂಡಿಯ ಒಳಗಿನ ತಗಡುಗಳಿಗೆ ಅದು ಹೊರಲಾರದ ಹೊರೆ. ಕೆಲವು ದಿನ ನಡೆದು, ಆಮೇಲೆ ಕಿಡಿ ಹಾರಿ ಹಾರಿ ಸುಟ್ಟು ಹೋಗುತ್ತವೆ, ಅಥವಾ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ರಿಲೇ ಇದ್ದರೆ ಗುಂಡಿಯ ಮೂಲಕ ಹರಿಯುವುದು ಸುಮಾರು 150–200 ಮಿಲಿಆಂಪಿಯರ್ ಮಾತ್ರ. ಭಾರದ ಕರೆಂಟು ರಿಲೇಯಲ್ಲಿ ಹರಿಯುತ್ತದೆ. ರಿಲೇಯನ್ನು ಡಿಕ್ಕಿಯಲ್ಲಿ, ಸೊಲೆನಾಯ್ಡ್ ಹತ್ತಿರ ಕೂರಿಸಿ. ಸಣ್ಣ ವೈರ್ ದೂರ ಹೋಗಲಿ.

ರಿಲೇಯ ಕಾಲುಗಳ ಮೇಲೆ 30, 85, 86, 87, 87ಎ ಎಂದಿದೆ. ಯಾವುದು ಎಲ್ಲಿಗೆ?

30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರುವ ದಪ್ಪ ವೈರ್. 87ರಿಂದ ಸೊಲೆನಾಯ್ಡ್‌ಗೆ, ಸೊಲೆನಾಯ್ಡ್‌ನ ಇನ್ನೊಂದು ತುದಿ ಬಾಡಿಗೆ. 86ಕ್ಕೆ ಗುಂಡಿಯಿಂದ ಬರುವ ಸಣ್ಣ ವೈರ್, 85 ಬಾಡಿಗೆ. 87ಎ ಖಾಲಿ ಇರಲಿ, ಅದರ ಮೇಲೆ ರಬ್ಬರ್ ಕೊಳವೆ ಏರಿಸಿಬಿಡಿ. ಏಕೆಂದರೆ ಗುಂಡಿ ಒತ್ತದೆ ಇರುವಾಗ 30ಕ್ಕೆ ಕೂಡಿಕೊಂಡಿರುವುದೇ ಆ ಕಾಲು. ಐದು ಕಾಲಿನ ರಿಲೇಯ ನಟ್ಟನಡುವೆ ಅದು ಇರುವುದರಿಂದ ಕೈತಪ್ಪಿ ಅಲ್ಲಿಗೇ ಸೊಲೆನಾಯ್ಡ್ ವೈರ್ ಹೋಗುವುದುಂಟು. ಹಾಗಾದರೆ ಬ್ಯಾಟರಿ ಜೋಡಿಸಿದ ಮರುಕ್ಷಣದಿಂದಲೇ ಸೊಲೆನಾಯ್ಡ್ ಬಿಸಿಯಾಗತೊಡಗುತ್ತದೆ. ನಾಲ್ಕೇ ಕಾಲಿನ ರಿಲೇ ಕೊಂಡರೆ ಈ ಚಿಂತೆಯೇ ಇಲ್ಲ.

ವೈರ್ ಎಷ್ಟು ದಪ್ಪ ಇರಬೇಕು? ನನ್ನ ಬಳಿ 0.75 ಚದರ ಮಿಲಿಮೀಟರಿನದು ಒಂದು ಸುರುಳಿ ಇದೆ.

ಗುಂಡಿಯ ಹಾದಿಗೆ ಅದು ಸರಿ, ಸೊಲೆನಾಯ್ಡ್‌ಗೆ ಸಾಲದು. ಲೆಕ್ಕ ಹೀಗಿದೆ: ಬಾನೆಟ್ ಅಡಿಯ ಬ್ಯಾಟರಿಯಿಂದ ಡಿಕ್ಕಿಯ ತನಕ 5 ಮೀಟರ್ ಹಿಡಿಯಿರಿ. ಅಷ್ಟುದ್ದದ 0.75 ಚದರ ಮಿಲಿಮೀಟರ್ ತಾಮ್ರದ ವೈರಿನ ಪ್ರತಿರೋಧ ಸುಮಾರು 0.12 ಓಮ್. 1 ಓಮಿನ ಸೊಲೆನಾಯ್ಡ್‌ಗೆ ಆಗ 12ರ ಬದಲು 10.7 ಆಂಪಿಯರ್ ಸಿಗುತ್ತದೆ. ಕೇಳಲು ಸಣ್ಣ ನಷ್ಟ. ಆದರೆ ಸೊಲೆನಾಯ್ಡಿನ ಬಲ ಹೆಚ್ಚುಕಡಿಮೆ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಐದರಲ್ಲಿ ಒಂದು ಪಾಲು ಬಲ ಹೋಯಿತು. 2.5 ಚದರ ಮಿಲಿಮೀಟರಿನ ವೈರ್ ಹಾಕಿದರೆ ಪ್ರತಿರೋಧ 0.035 ಓಮ್‌ಗೆ ಇಳಿದು, ನಷ್ಟ ಶೇಕಡಾ 7ರ ಆಸುಪಾಸಿಗೆ ಬರುತ್ತದೆ. ಬ್ಯಾಟರಿ ಸ್ವಲ್ಪ ಇಳಿದಿರುವ ಬೆಳಿಗ್ಗೆ ಡಿಕ್ಕಿ ತೆರೆಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಈ ವ್ಯತ್ಯಾಸವೇ.

ಅರ್ಥ್‌ಗೂ ಅಷ್ಟೇ ಮರ್ಯಾದೆ ಕೊಡಿ. ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣವನ್ನು ತಗಡು ಹೊಳೆಯುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ಡಿಕ್ಕಿಯ ಬಾಗಿಲಿನ ಮೇಲೆಯೇ ಸೊಲೆನಾಯ್ಡ್ ಕೂತಿದ್ದರೆ ಕೀಲುಗಳನ್ನು ಅರ್ಥ್ ಎಂದು ನಂಬಬೇಡಿ. ಬಾಡಿಯ ತನಕ ಪ್ರತ್ಯೇಕ ವೈರ್ ತನ್ನಿ.

ಫ್ಯೂಸ್ 15 ಆಂಪಿಯರ್ ಹಾಕಿದ್ದೇನೆ. ಸೊಲೆನಾಯ್ಡ್ ಸುರಕ್ಷಿತ ತಾನೇ?

ವೈರ್ ಸುರಕ್ಷಿತ, ಸೊಲೆನಾಯ್ಡ್ ಅಲ್ಲ. 12 ಆಂಪಿಯರ್ ಎಳೆಯುವ ಸೊಲೆನಾಯ್ಡ್ ಗಂಟೆಗಟ್ಟಲೆ ಎಳೆದರೂ 15ರ ಫ್ಯೂಸ್ ಹಾರುವುದಿಲ್ಲ. ಅಷ್ಟು ಹೊತ್ತಿನಲ್ಲಿ ಸುರುಳಿ 144 ವ್ಯಾಟ್ ಶಾಖ ಉಗುಳುತ್ತಿರುತ್ತದೆ. ಬೆಸುಗೆ ಹಾಕುವ ಸಾಧಾರಣ ಕಡ್ಡಿಯ ಎರಡು ಮೂರು ಪಟ್ಟು. ಅರ್ಧ ಸೆಕೆಂಡಿನ ಕೆಲಸಕ್ಕೆಂದು ಮಾಡಿದ ವಸ್ತುವದು. 7.5 ಆಂಪಿಯರ್ ಫ್ಯೂಸಿನಿಂದ ಪ್ರಯತ್ನ ಶುರು ಮಾಡಿ. ಸಾಮಾನ್ಯ ಬಳಕೆಯಲ್ಲೇ ಹಾರಿದರೆ 10ಕ್ಕೆ ಏರಿಸಿ. ಫ್ಯೂಸಿನ ಜಾಗ ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಡಿಕ್ಕಿಯಲ್ಲಿ ಫ್ಯೂಸ್ ಇಟ್ಟರೆ ಬ್ಯಾಟರಿಯಿಂದ ಅಲ್ಲಿಯ ತನಕದ 5 ಮೀಟರಿಗೆ ಕಾವಲೇ ಇಲ್ಲ.

ಡಯೋಡ್ ಹಾಕದಿದ್ದರೂ ಕೆಲಸ ಮಾಡುತ್ತಿದೆಯಲ್ಲ?

ಮಾಡುತ್ತದೆ, ಆದರೆ ರಿಲೇ ಬೇಗ ಸವೆಯುತ್ತದೆ. ಕರೆಂಟು ಕಡಿದ ಗಳಿಗೆಯಲ್ಲಿ ಸುರುಳಿಯ ಕಾಂತಶಕ್ತಿ ಕುಸಿಯುತ್ತಾ ಹಿಮ್ಮುಖವಾಗಿ ಎತ್ತರದ ವೋಲ್ಟೇಜ್ ಹುಟ್ಟಿಸುತ್ತದೆ, ಅದು ನೂರಾರು ವೋಲ್ಟ್ ಮುಟ್ಟಬಲ್ಲದು. ರಿಲೇಯ ತುದಿಗಳ ನಡುವೆ ಕಿಡಿಯಾಗಿ ಹಾರುವುದು ಅದೇ. ಸೊಲೆನಾಯ್ಡ್‌ಗೆ ಅಡ್ಡಲಾಗಿ 1ಎನ್5408, ರಿಲೇ ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಿ. ಪಟ್ಟಿಯಿರುವ ತುದಿ ಧನದ ಕಡೆಗಿರಲಿ. ಎರಡು ವೈರಿನ ಸೆಂಟ್ರಲ್ ಲಾಕ್ ಮೋಟಾರಿಗೆ ಮಾತ್ರ ಡಯೋಡ್ ಹಾಕಲೇಬೇಡಿ. ಅದು ದಿಕ್ಕು ಬದಲಿಸಿ ಓಡುವುದರಿಂದ ಒಂದು ದಿಕ್ಕಿನಲ್ಲಿ ನೇರ ಶಾರ್ಟ್ ಆಗುತ್ತದೆ.

ಕರೆಂಟನ್ನು ಇಗ್ನಿಷನ್‌ನಿಂದ ತೆಗೆದುಕೊಳ್ಳಲೇ, ನೇರ ಬ್ಯಾಟರಿಯಿಂದಲೇ?

ಪೆಟ್ರೋಲ್ ಮುಚ್ಚಳಕ್ಕೆ ನೇರ ಬ್ಯಾಟರಿಯಿಂದ. ಪೆಟ್ರೋಲ್ ತುಂಬಿಸುವಾಗ ಎಂಜಿನ್ ನಿಂತಿರಬೇಕು, ಕೀಲಿ ತೆಗೆದಿರಬೇಕು. ಮುಚ್ಚಳ ತೆರೆಯಲು ಮತ್ತೆ ಕೀಲಿ ತಿರುಗಿಸಬೇಕಾದ ವ್ಯವಸ್ಥೆ ಕೆಟ್ಟದ್ದು.

ಡಿಕ್ಕಿಗೆ ದಪ್ಪ ವೈರ್ ಬ್ಯಾಟರಿಯಿಂದಲೇ ಬರಲಿ, ಆದರೆ ಗುಂಡಿಗೆ ಒಂದು ಕಡಿವಾಣ ಬೇಕು. ಓಡುತ್ತಿರುವ ಕಾರಿನಲ್ಲಿ ಮೊಣಕೈ ತಗುಲಿ ಡಿಕ್ಕಿ ಎದ್ದರೆ ಹಿಂದಿನ ಗಾಜು ಪೂರ್ತಿ ಮುಚ್ಚಿಹೋಗುತ್ತದೆ. ನನಗೆ ಹಿಡಿಸಿದ ಉಪಾಯ ಹ್ಯಾಂಡ್‌ಬ್ರೇಕ್ ಸ್ವಿಚ್. ಬಹುತೇಕ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದಾಗ ಅದು ತನ್ನ ವೈರನ್ನು ಬಾಡಿಗೆ ಕೂಡಿಸಿ ಡ್ಯಾಶ್‌ಬೋರ್ಡಿನ ದೀಪ ಹೊತ್ತಿಸುತ್ತದೆ. ರಿಲೇಯ 85ನೇ ಕಾಲನ್ನು ಬಾಡಿಗೆ ಬದಲಾಗಿ ಆ ವೈರಿಗೆ ಕೂಡಿಸಿದರೆ ಹ್ಯಾಂಡ್‌ಬ್ರೇಕ್ ಎಳೆಯದೆ ಡಿಕ್ಕಿ ತೆರೆಯುವುದಿಲ್ಲ. ದೀಪದ ಹಾದಿಗೂ ರಿಲೇಯ ಹಾದಿಗೂ ಒಂದೊಂದು ಡಯೋಡನ್ನು, ಪಟ್ಟಿಯ ತುದಿ ಸ್ವಿಚ್ಚಿನ ಕಡೆಗಿರುವಂತೆ, ಸರಣಿಯಲ್ಲಿ ಹಾಕಿ. ಇಲ್ಲದಿದ್ದರೆ ದೀಪದ ಮೂಲಕವೇ ಕರೆಂಟು ನುಸುಳಿ ರಿಲೇ ತಪ್ಪಾಗಿ ಕೂಡುವ ಸಂಭವವಿದೆ.

## ಕೂರಿಸುವುದು

ಹಳೆಯ ಕೇಬಲ್ ಇರುವ ನಾಲಿಗೆಗೇ ಸೊಲೆನಾಯ್ಡ್ ಜೋಡಿಸುವುದು ಹೇಗೆ? ಎರಡೂ ಒಟ್ಟಿಗೆ ಜಗಳಾಡುವುದಿಲ್ಲವೇ?

ಜಗಳಾಡುತ್ತವೆ, ಗಟ್ಟಿ ಸರಳಿನಿಂದ ಜೋಡಿಸಿದರೆ. ಕೇಬಲ್ ಎಳೆದಾಗ ಸೊಲೆನಾಯ್ಡಿನ ಸಲಾಕೆಯನ್ನೂ, ಸೊಲೆನಾಯ್ಡ್ ಎಳೆದಾಗ ಇಡೀ ಕೇಬಲ್ಲನ್ನೂ ಎಳೆದೊಯ್ಯಬೇಕಾಗುತ್ತದೆ. ಕೇಬಲ್ ಸಡಿಲವಾಗಬಲ್ಲುದಾದ್ದರಿಂದ ಅದರ ಕಡೆಯಿಂದ ಹೆಚ್ಚು ತೊಂದರೆಯಿಲ್ಲ. ಸೊಲೆನಾಯ್ಡ್ ಕಡೆಯಿಂದ ನಾಲಿಗೆಗೆ ಸಣ್ಣ ಸರಪಳಿಯನ್ನೋ ಬಾಗುವ ಉಕ್ಕಿನ ತಂತಿಯನ್ನೋ ಕಟ್ಟಿ. ಕೈಯಿಂದ ತೆರೆದಾಗ ಆ ತಂತಿ ಸುಮ್ಮನೆ ಬಾಗಿ ದಾರಿ ಬಿಡುತ್ತದೆ. ತಂತಿಯಲ್ಲಿ 1–2 ಮಿಲಿಮೀಟರ್ ಸಡಿಲ ಬಿಡಿ. ಬಿಗಿದು ಕಟ್ಟಿದರೆ ಲಾಚ್ ಸದಾ ಸ್ವಲ್ಪ ಎಳೆದ ಸ್ಥಿತಿಯಲ್ಲೇ ಇದ್ದು ಹೊಂಡ ಬಿದ್ದ ರಸ್ತೆಯಲ್ಲಿ ತೆರೆದುಕೊಳ್ಳಬಹುದು. ಸಡಿಲ ಹೆಚ್ಚಾದರೆ ಸೊಲೆನಾಯ್ಡಿನ ಓಟವೆಲ್ಲ ಅದನ್ನು ಬಿಗಿಗೊಳಿಸುವುದರಲ್ಲೇ ಮುಗಿಯುತ್ತದೆ. ಎಳೆತದ ಗೆರೆ ನಾಲಿಗೆಗೆ ನೇರವಾಗಿರಲಿ, ಓರೆಯಾದರೆ ಸಲಾಕೆ ತನ್ನ ಕೊಳವೆಗೆ ಉಜ್ಜಿ ಬಲ ಕಳೆದುಕೊಳ್ಳುತ್ತದೆ. ಸೊಲೆನಾಯ್ಡ್ ಕೂರಿಸುವ ಪಟ್ಟಿ ಕನಿಷ್ಠ 3 ಮಿಲಿಮೀಟರ್ ದಪ್ಪದ ಕಬ್ಬಿಣದ್ದಾಗಿರಲಿ. ತೆಳು ತಗಡು ಬಾಗಿದಷ್ಟೂ ಓಟ ವ್ಯರ್ಥ.

ಮೊದಲ ಪರೀಕ್ಷೆಯನ್ನು ಡಿಕ್ಕಿ ತೆರೆದಿಟ್ಟು, ಸ್ಕ್ರೂಡ್ರೈವರ್‌ನಿಂದ ಲಾಚ್ ಮುಚ್ಚಿ ಇಪ್ಪತ್ತು ಸಲ ಮಾಡಿ. ನಡುವೆ ಸುರುಳಿ ತಣಿಯಲು ಬಿಡಿ. ಬಿಸಿಯಾದ ತಾಮ್ರದ ಪ್ರತಿರೋಧ ಏರಿ ಬಲ ಇಳಿದಂತೆ ಕಾಣುತ್ತದೆ.

ಪೆಟ್ರೋಲ್ ತುಂಬುವ ಬಾಯಿಯ ಪಕ್ಕದಲ್ಲೇ ವಿದ್ಯುತ್. ಬೆಂಕಿಯ ಭಯವಿಲ್ಲವೇ?

ಭಯ ನ್ಯಾಯವಾದದ್ದು. ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಆ ಆವಿಯ ಪಾಲು ಸುಮಾರು ಶೇಕಡಾ 1.4ರಿಂದ 7.6ರ ನಡುವೆ ಇದ್ದರೆ ಒಂದು ಕಿಡಿ ಸಾಕು. ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ.

ಹಾಗಾಗಿ ನಿಯಮ ಸರಳ: ಕಿಡಿ ಹಾರುವ ಯಾವುದೂ ಮುಚ್ಚಳದ ಹತ್ತಿರ ಇರಬಾರದು. ರಿಲೇ, ಗುಂಡಿ, ಫ್ಯೂಸ್ ಎಲ್ಲವೂ ದೂರ. ಬ್ರಶ್ ಇರುವ ಮೋಟಾರಿನಲ್ಲಿ ತಿರುಗುವಾಗಲೆಲ್ಲ ಕಿಡಿ ಸಹಜ, ಆದ್ದರಿಂದ ತೆರೆದ ಮೋಟಾರನ್ನು ಅಲ್ಲಿ ನಾನು ಕೂರಿಸುವುದಿಲ್ಲ. ಸೊಲೆನಾಯ್ಡಿನಲ್ಲಿ ಕೂಡಿ ಬಿಡುವ ತುದಿಗಳೇ ಇಲ್ಲ. ಅದನ್ನೂ ಮುಚ್ಚಳದ ಬಟ್ಟಲಿನೊಳಗೆ ಇಡದೆ, ತಗಡಿನ ಆಚೆ ಡಿಕ್ಕಿಯ ಪಕ್ಕದಲ್ಲಿ ಕೂರಿಸಿ, ಚಿಲಕದ ಸಲಾಕೆ ಮಾತ್ರ ರಬ್ಬರ್ ಬುಶ್ ಮೂಲಕ ಒಳಗೆ ಇಣುಕಲಿ. ಬಟ್ಟಲಿನೊಳಗೆ ವೈರಿನ ಒಂದು ಜೋಡಣೆಯೂ ಇರಬಾರದು. ತೂತು ಕೊರೆಯುವ ಮುನ್ನ ಅದರ ಹಿಂದೆ ಏನಿದೆ ಎಂದು ಕೈಯಾಡಿಸಿ ನೋಡಿ. ಟ್ಯಾಂಕಿಗೆ ಹೋಗುವ ಕೊಳವೆಯೂ ಗಾಳಿ ಕೊಳವೆಯೂ ಅಲ್ಲೇ ಇರುತ್ತವೆ. ಡ್ರಿಲ್ಲಿನ ಕಿಡಿಯೂ ಕಿಡಿಯೇ. ಬಿರಡೆ ಬಿಗಿಯಾಗಿ ಮುಚ್ಚಿ, ಬಾಗಿಲುಗಳನ್ನೆಲ್ಲ ತೆರೆದು, ಪೆಟ್ರೋಲ್ ವಾಸನೆ ಸ್ವಲ್ಪವೂ ಇಲ್ಲದಾಗ ಮಾತ್ರ ಕೊರೆಯಿರಿ. ವಾಸನೆ ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ. ಆ ದಿನದ ಕೆಲಸ ಅದನ್ನು ಸರಿಪಡಿಸುವುದು.

ಚಿಲಕ ಬಿಡುವ ಸದ್ದು ಕೇಳಿಸುತ್ತದೆ, ಆದರೆ ಪೆಟ್ರೋಲ್ ಮುಚ್ಚಳ ಹೊರಗೆ ಬರುವುದಿಲ್ಲ. ಒಬ್ಬರು ಗುಂಡಿ ಒತ್ತಬೇಕು, ಇನ್ನೊಬ್ಬರು ಉಗುರಿನಿಂದ ಎಬ್ಬಿಸಬೇಕು.

ಮುಚ್ಚಳದ ಕೀಲಿನ ಬಳಿ ಅದನ್ನು ಹೊರಕ್ಕೆ ಚಿಮ್ಮಿಸುವ ಪಟ್ಟಿ ಸ್ಪ್ರಿಂಗ್ ಒಂದಿರುತ್ತದೆ. ಅದು ಸೋತಿದೆ ಅಥವಾ ಬಿದ್ದುಹೋಗಿದೆ. ಕೇಬಲ್ ಕಾಲದಲ್ಲಿ ಲಿವರ್ ಹಿಡಿದುಕೊಂಡಿದ್ದು ಸುಧಾರಿಸುತ್ತಿದ್ದಿರಿ. ಸೊಲೆನಾಯ್ಡ್ ಅರ್ಧ ಸೆಕೆಂಡಿನಲ್ಲಿ ಚಿಲಕವನ್ನು ಮತ್ತೆ ಬಿಟ್ಟುಬಿಡುತ್ತದೆ. ಸ್ಪ್ರಿಂಗ್ ಬದಲಿಸಿ, ಅಥವಾ ಮುಚ್ಚಳದ ತುದಿಗೆ ಎದುರಾಗಿ ಮೆತ್ತನೆಯ ರಬ್ಬರ್ ಗುಬ್ಬಿಯೊಂದನ್ನು ಅಂಟಿಸಿ. ಕನಿಷ್ಠ 5 ಮಿಲಿಮೀಟರ್ ಹೊರಬಂದರೆ ಸಾಕು.

ವೈರನ್ನು ಎಲ್ಲಿಂದ ಒಯ್ಯಬೇಕು?

ಬಾಗಿಲ ಹೊಸ್ತಿಲ ಪಟ್ಟಿಯ ಅಡಿಯಲ್ಲಿ ಕಾರ್ಖಾನೆಯ ವೈರುಗಳು ಹೋಗಿರುವ ಜಾಡಿನಲ್ಲೇ. ತಗಡು ದಾಟುವ ಪ್ರತಿ ತೂತಿನಲ್ಲೂ ರಬ್ಬರ್ ಬುಶ್ ಇರಲಿ. ಸೀಟಿನ ಹಳಿ, ಸೀಟ್‌ಬೆಲ್ಟ್ ಬೋಲ್ಟ್‌ಗಳಿಂದ ದೂರವಿಡಿ. ಡಿಕ್ಕಿಯ ಬಾಗಿಲಿಗೆ ಏರುವಲ್ಲಿ ಕೀಲಿನ ಪಕ್ಕ ಧಾರಾಳ ಬಳುಕು ಬಿಟ್ಟು, ಬಾಗಿಲನ್ನು ಹತ್ತು ಸಲ ತೆರೆದು ಮುಚ್ಚಿ ಎಲ್ಲೂ ಕಚ್ಚುತ್ತಿಲ್ಲ ಎಂದು ನೋಡಿಕೊಂಡ ಮೇಲೆಯೇ ಹೊದಿಕೆ ಹಾಕಿ.

## ಇನ್ನೂ ಮುಂದಕ್ಕೆ

ಅಲಾರಂ ರಿಮೋಟ್‌ನಲ್ಲಿ ಡಿಕ್ಕಿಯ ಗುಂಡಿ ಇದೆ. ಅದರ ವೈರನ್ನು ಸೊಲೆನಾಯ್ಡ್‌ಗೇ ಕೊಟ್ಟರೆ ಪೆಟ್ಟಿಗೆ ಸುಟ್ಟಿತು. ಏಕೆ?

ಆ ವೈರ್ ಸಾಮಾನ್ಯವಾಗಿ ಅರ್ಧ ಆಂಪಿಯರಿನ ಆಸುಪಾಸು ಮಾತ್ರ ತಾಳಬಲ್ಲ ಋಣ ಸಂಕೇತ, ಅಂದರೆ ರಿಮೋಟ್ ಒತ್ತಿದಾಗ ಋಣದ ಕಡೆಗೆ ಕೂಡುವ ವೈರ್. ಅದು ರಿಲೇಯ ಸುರುಳಿಗೆ ಮಾತ್ರ ಸಾಕು. ರಿಮೋಟ್‌ಗೆಂದೇ ಎರಡನೆಯ ರಿಲೇ ಹಾಕಿ: ಅದರ 86ಕ್ಕೆ ಫ್ಯೂಸ್ ಸಹಿತ ಧನ, 85ಕ್ಕೆ ರಿಮೋಟ್ ವೈರ್, 30 ಮತ್ತು 87 ಮೊದಲ ರಿಲೇಯ 30 ಮತ್ತು 87ಕ್ಕೇ ಜೋಡಿ. ಒಂದೇ ರಿಲೇಯಲ್ಲಿ ಗುಂಡಿಯನ್ನೂ ಋಣದ ಕಡೆಗೆ ತಂದು ಮುಗಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಉದ್ದದ ವೈರ್ ಎಲ್ಲಾದರೂ ಸವೆದು ಬಾಡಿಗೆ ತಗುಲಿದರೆ ಡಿಕ್ಕಿ ತಾನಾಗಿ ತೆರೆಯುತ್ತದೆ, ಸೊಲೆನಾಯ್ಡ್ ಬಿಡದೆ ಬಿಸಿಯಾಗುತ್ತದೆ. ಗುಂಡಿ ಧನದ ಕಡೆಗಿದ್ದರೆ ಅದೇ ತಪ್ಪಿಗೆ ಫ್ಯೂಸ್ ಹಾರಿ ಮುಗಿಯುತ್ತದೆ. ರಿಮೋಟ್‌ನ ಎರಡನೆಯ ರಿಲೇಗೆ ಹ್ಯಾಂಡ್‌ಬ್ರೇಕ್ ಕಾವಲು ಇರುವುದಿಲ್ಲ. ಇಗ್ನಿಷನ್ ಹಾಕಿರುವಾಗ ಡಿಕ್ಕಿಯ ಸಂಕೇತ ಕೊಡದಂತೆ ಪೆಟ್ಟಿಗೆಯಲ್ಲೇ ವ್ಯವಸ್ಥೆಯಿದ್ದರೆ ಅದನ್ನು ಬಳಸಿ.

ಮಗು ಗುಂಡಿಯನ್ನು ಒತ್ತಿಯೇ ಹಿಡಿದರೆ?

ಸಮಯದ ರಿಲೇ ಹಾಕಿ. ಎಷ್ಟು ಹೊತ್ತು ಒತ್ತಿದರೂ ಅರ್ಧದಿಂದ ಒಂದು ಸೆಕೆಂಡು ಮಾತ್ರ ಕರೆಂಟು ಬಿಟ್ಟು ನಿಲ್ಲಿಸುವ, ಗುಂಡಿ ಬಿಟ್ಟು ಮತ್ತೆ ಒತ್ತಿದಾಗಲಷ್ಟೇ ಎಚ್ಚರಗೊಳ್ಳುವ ಬಗೆಯದು. ಮಕ್ಕಳಿರುವ ಮನೆಯ ಕಾರಿಗೆ ಇದನ್ನು ಐಚ್ಛಿಕ ಎಂದು ನಾನು ಎಣಿಸುವುದಿಲ್ಲ. ಗುಂಡಿಯನ್ನು ಗ್ಲೋವ್ ಬಾಕ್ಸಿನೊಳಗೆ ಇಟ್ಟರೆ ಇನ್ನೂ ಒಳ್ಳೆಯದು. ಅದಕ್ಕೆ ಬೀಗವಿದ್ದರೆ, ಗಾಜು ಒಡೆದು ಕೈ ಹಾಕಿದ ಕಳ್ಳನಿಗೂ ಡಿಕ್ಕಿ ಸುಲಭವಾಗಿ ಸಿಗುವುದಿಲ್ಲ.

ಡಿಕ್ಕಿಯ ಒಳಗೆ ಯಾರಾದರೂ ಸಿಕ್ಕಿಕೊಂಡರೆ ತೆರೆಯುವ ವ್ಯವಸ್ಥೆ ಬೇಕೇ?

ಬೇಕು. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 1ರಿಂದ ತಯಾರಾದ, ಡಿಕ್ಕಿಯಿರುವ ಪ್ರಯಾಣಿಕರ ಕಾರುಗಳಿಗೆ ಒಳಗಿನಿಂದ ತೆರೆಯುವ ವ್ಯವಸ್ಥೆ ಕಡ್ಡಾಯವಾಗಿದೆ. ಆಟವಾಡುತ್ತಾ ಡಿಕ್ಕಿಯೊಳಗೆ ಸೇರಿಕೊಂಡ ಮಕ್ಕಳು ಬಿಸಿಲಿನ ಕಾವಿನಲ್ಲಿ ಸತ್ತ ಘಟನೆಗಳು ಆ ನಿಯಮದ ಹಿಂದಿವೆ. ಲಾಚ್ ಹೇಗೂ ಬಿಚ್ಚಿದ್ದೀರಿ. ನಾಲಿಗೆಗೆ ಇನ್ನೊಂದು ತಂತಿ ಕಟ್ಟಿ, ತುದಿಗೆ ಕತ್ತಲಲ್ಲಿ ಹೊಳೆಯುವ ಹಿಡಿ ಹಾಕಲು ಹತ್ತು ನಿಮಿಷ ಸಾಕು. ಅದು ತಂತಿಯೇ ಆಗಿರಲಿ, ವಿದ್ಯುತ್ ಗುಂಡಿ ಬೇಡ.

ಪೆಟ್ರೋಲ್ ಮುಚ್ಚಳಕ್ಕೆ ಗುಂಡಿಯೇ ಬೇಡ, ಬಾಗಿಲು ಅನ್‌ಲಾಕ್ ಆದಾಗ ಅದೂ ಬಿಡುವಂತೆ ಮಾಡಬಹುದೇ?

ಮಾಡಬಹುದು, ಸೊಗಸಾದ ದಾರಿ. ಮುಚ್ಚಳಕ್ಕೆ ಒತ್ತಿದರೆ ಹಿಡಿಯುವ, ಮತ್ತೆ ಒತ್ತಿದರೆ ಚಿಮ್ಮುವ ಚಿಲಕ ಹಾಕಿ. ಸೆಂಟ್ರಲ್ ಲಾಕ್ ಮೋಟಾರು ಆ ಚಿಲಕವನ್ನು ಅಡ್ಡಗಟ್ಟುವ ಸರಳನ್ನು ಮಾತ್ರ ಸರಿಸಲಿ. ಮೋಟಾರು ತಗಡಿನ ಆಚೆ, ಡಿಕ್ಕಿಯ ಕಡೆ, ಪೂರ್ತಿ ಮುಚ್ಚಿದ ಕವಚದ್ದಾಗಿರಬೇಕು.

ಗುಂಡಿ ಒತ್ತಿದರೆ ಟಿಕ್ ಎನ್ನುತ್ತದೆ, ಡಿಕ್ಕಿ ತೆರೆಯುವುದಿಲ್ಲ. ಡಿಕ್ಕಿಯ ಬಾಗಿಲನ್ನು ಕೈಯಿಂದ ಕೆಳಗೆ ಒತ್ತಿ ಹಿಡಿದರೆ ತೆರೆಯುತ್ತದೆ.

ಒತ್ತಿ ಹಿಡಿದಾಗ ತೆರೆಯುತ್ತದೆ ಎಂದರೆ ಬೀಡಿಂಗಿನ ಒತ್ತಡವನ್ನು ಸೊಲೆನಾಯ್ಡ್ ಗೆಲ್ಲುತ್ತಿಲ್ಲ. ಕೊರತೆ ವಿದ್ಯುತ್ತಿನದೋ ಯಂತ್ರದ್ದೋ ಎಂದು ಬಿಡಿಸಿಕೊಳ್ಳಿ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಸೊಲೆನಾಯ್ಡಿನ ಎರಡು ತುದಿಗಳಿಗೇ ಹಿಡಿದು, ಇನ್ನೊಬ್ಬರಿಂದ ಗುಂಡಿ ಒತ್ತಿಸಿ. ಗುಂಡಿ ಒತ್ತದೆ ಅಳೆದ ವೋಲ್ಟೇಜಿನಿಂದ ಏನೂ ತಿಳಿಯುವುದಿಲ್ಲ. ಒತ್ತಿದ ಕ್ಷಣದಲ್ಲಿ 11ರ ಮೇಲಿದ್ದರೆ ವೈರಿಂಗ್ ಸರಿ. ಲಾಚಿನ ಕೊಕ್ಕೆ ಎದುರು ಬೀಳುವ ಕಂಬಿಯನ್ನು ಅರ್ಧ ಮಿಲಿಮೀಟರ್ ಮೇಲಕ್ಕೆ ಸರಿಸಿ ನೋಡಿ. 9–10ಕ್ಕೆ ಕುಸಿದರೆ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಸೊಲೆನಾಯ್ಡಿನ ಅರ್ಥ್ ತುದಿಗೆ ಹಿಡಿದು ಮತ್ತೆ ಒತ್ತಿಸಿ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥ್ ಬೋಲ್ಟಿನ ಅಡಿ ಬಣ್ಣವೋ ತುಕ್ಕೋ ಉಳಿದಿದೆ. ಕಾಣದಿದ್ದರೆ ಅದೇ ಪರೀಕ್ಷೆಯನ್ನು ಧನದ ಕಡೆ ಮಾಡುತ್ತಾ ಬನ್ನಿ: ಫ್ಯೂಸಿನ ಹಿಡಿ, ರಿಲೇಯ 30, ಆಮೇಲೆ 87. ಎಲ್ಲಿ ಅಂಕಿ ಜಿಗಿಯುತ್ತದೋ ದೋಷ ಅಲ್ಲಿದೆ.

ಮುಂದೆ ಕಾರು ಮಾರುವಾಗ ಮೂಲರೂಪಕ್ಕೆ ತರಬೇಕೆಂದರೆ?

ತಗಡಿಗೆ ಹೊಸ ತೂತು ಕೊರೆಯದೆ, ಇರುವ ಬೋಲ್ಟುಗಳಿಗೇ ಪಟ್ಟಿ ಕಟ್ಟಿ ಸೊಲೆನಾಯ್ಡ್ ಕೂರಿಸಿದ್ದರೆ ಒಂದು ಮಧ್ಯಾಹ್ನದ ಕೆಲಸ. ಬಿಚ್ಚಿದ ಲಿವರ್, ಸ್ಕ್ರೂ, ಕ್ಲಿಪ್ಪುಗಳನ್ನು ಚೀಟಿ ಅಂಟಿಸಿದ ಡಬ್ಬಿಯಲ್ಲಿ ಇಡಿ. ಯಾವ ಬಣ್ಣದ ವೈರ್ ಎಲ್ಲಿಂದ ಎಲ್ಲಿಗೆ, ಫ್ಯೂಸ್ ಎಲ್ಲಿ, ಕೈಯಿಂದ ಎಳೆಯುವ ತಂತಿ ಎಲ್ಲಿ ಅಡಗಿದೆ ಎಂಬ ಚಿತ್ರವನ್ನು ಬರೆದು ಕಾರಿನ ಕೈಪಿಡಿಯೊಳಗೆ ಸೇರಿಸಿ. ಇನ್ನೊಂದು ಪ್ರತಿಯನ್ನು ಮನೆಯಲ್ಲಿಡಿ. ಕೈಪಿಡಿ ಕಾರಿನಲ್ಲೇ ಸಿಕ್ಕಿಕೊಂಡಾಗ ಬೇಕಾಗುವುದು ಅದೇ.